ಕೈ ಮೂಸೋಳಿಗೆ ಹತ್ತಕ್ಕೆ ಎರಡು

ರೇಷ್ಮೆ ಹುಳುಮನೆಯ ಬಾಗಿಲು ಕಾಯುತ್ತಿದ್ದ ಅಮ್ಮನಿಗೆ,

ನೀನು ಹುಟ್ಟಿಸಿದ ದೆವ್ವಕ್ಕೆ ಹತ್ತಕ್ಕೆ ಎರಡು ಅಂಕ ಬಿದ್ದಿದೆ, ಗೊತ್ತೇ? ಎರಡು! ಜಂಗಮಕೋಟೆಯ ಗಂಡಸರನ್ನೆಲ್ಲ ನಡುಗಿಸಿದವಳಿಗೆ!

ಕಳೆದ ಶುಕ್ರವಾರ ನಿನ್ನ ಮೊಮ್ಮಗಳು, ತಂಗಿಯ ಮಗಳು ಭವ್ಯ, ಮುಖ ಊದಿಸಿಕೊಂಡು ಬಂದಳು. ಒಂಬತ್ತನೇ ತರಗತಿಯ ಇಂಗ್ಲಿಷ್ ಪಾಠದಲ್ಲಿ ಈಗ ಗಾಥಿಕ್ ಕಥೆಗಳಂತೆ. ಪರದೇಶದ ಪಾಳು ಕೋಟೆ, ಬೀಗ ಹಾಕಿದ ಕೋಣೆ, ಒಳಗೊಬ್ಬ ರಾಕ್ಷಸ. ನೀವೂ ಒಂದು ಬರೆಯಿರಿ ಎಂದರಂತೆ ಟೀಚರು. ಇವಳು ನಿನ್ನ 'ಕೈ ಮೂಸೋಳ' ಕಥೆ ಬರೆದಿದ್ದಾಳೆ. ಕೆಳಗೆ ಕೆಂಪು ಶಾಯಿ: 'ಇದು ಮೂಢನಂಬಿಕೆ, ಗಾಥಿಕ್ ಅಲ್ಲ. ಬೇರೆ ಬರೆ.' "ಬಿಡು ಮಾಮ, ಯಾವ್ದೋ ಕೋಟೆ ಬಗ್ಗೆ ಬರ್ಕೊಡ್ತೀನಿ. ಇನ್ಮೇಲೆ ಅಜ್ಜಿ ಕಥೆ ಸ್ಕೂಲಿಗೆ ತಗೊಂಡೋಗಲ್ಲ" ಎಂದಳು. ನನ್ನ ಮೈ ಉರಿದುಹೋಯಿತು.

ಬಾಗಿಲ ಪಕ್ಕ ನೀರಿನ ಬೋಸಿ ಇಟ್ಟುಕೊಂಡು ನೀನು ಕೂಗುತ್ತಿದ್ದದ್ದು ನನ್ನ ಕಿವಿಯಲ್ಲಿನ್ನೂ ಇದೆ: "ಕೈ ತೊಳ್ಕೊಂಡ್ಯೇನೋ? ಕದದ ಹಿಂದೆ ಕೂತವ್ಳೆ. ಬೀಡಿ ವಾಸ್ನೆ ಬಂತೋ, ಬೆರಳು ಅವಳ್ಗೇ!" ಹೊಗೆಸೊಪ್ಪು ತಾಕಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕಿದರೆ ರೇಷ್ಮೆಹುಳು ಸಾಯುತ್ತದೆ. ಬಾಯಿಮಾತಿಗೆ ಯಾವ ಗಂಡಸು ಕೇಳಿದ? ನೀನು ಮೂಸುವ ದೆವ್ವವನ್ನು ಕೂರಿಸಿದೆ, ಕೇಳಿದರು. ಇದು ಮೂಢನಂಬಿಕೆಯೇ?

ಸೋಮವಾರ ಇಸ್ತ್ರಿ ಅಂಗಿ ತೊಟ್ಟು ಶಿಡ್ಲಘಟ್ಟದ ಆ ಶಾಲೆಗೇ ಹೋದೆ. ಏಳನೇ ಕ್ಲಾಸನ್ನು ಒಂದೇ ಏಟಿಗೆ ಪಾಸು ಮಾಡಿದವನು ನಾನು, ಹೆದರುತ್ತೇನೆಯೇ? ತರಗತಿಯ ಬಾಗಿಲಲ್ಲೇ ನಿಂತು ಗುಡುಗಿದೆ: "ಕೋಟೆ ಬೇಕಾ ಮೇಡಂ ನಿಮ್ಗೆ? ನಮ್ಮೂರ ಹೆಸ್ರಲ್ಲೇ ಐತೆ. ಬೀಗ ಹಾಕಿದ ಕೋಣೆ ಬೇಕಾ? ಬನ್ನಿ, ಹುಳುಮನೆ ತೋರಿಸ್ತೀನಿ. ಚಪ್ಪಲಿ ಬಿಟ್ಟು ಬನ್ನಿ!"

ಮಕ್ಕಳು ಘೊಳ್ಳೆಂದರು. ಟೀಚರು ಮಾತ್ರ ನಗದೆ ಕೇಳಿದರು: "ಸರಿ ಸಾರ್. ಆದ್ರೆ ಇಂಥ ಕಥೇಲಿ ಯಾರೋ ಮುಚ್ಚಿಟ್ಟ ತಪ್ಪೊಂದಿರತ್ತೆ, ಅದೇ ಅವ್ರನ್ನ ಕಾಡತ್ತೆ. ನಿಮ್ಮ ಕೈ ಮೂಸೋಳು ಒಬ್ಬರನ್ನಾದ್ರೂ ಹಿಡಿದಿದ್ದಾಳಾ?"

ಭವ್ಯ ನನ್ನನ್ನೇ ನೋಡುತ್ತಿದ್ದಳು. ಇಲ್ಲ ಎಂದರೆ ಅವಳ ಕಥೆ ಅಲ್ಲೇ ಸತ್ತಿತು. ಹೌದು ಎಂದರೆ...

"ನನ್ನೇ ಹಿಡಿದವ್ಳೆ" ಎಂದೆ.

ಆ ವರ್ಷ, ನಾಲ್ಕನೇ ಸಲ ಪೊರೆ ಬಿಟ್ಟ ಹುಳುಗಳು ಹಸಿರು ಕಕ್ಕಿ ತಟ್ಟೆ ತಟ್ಟೆಯೇ ಸತ್ತವಲ್ಲ ಅಮ್ಮ? "ನನ್ ಕೈಗುಣ ಕೆಟ್ಟೋಯ್ತು" ಎಂದು ನೀನು ಆಮೇಲೆ ಒಂದು ಎಲೆಯನ್ನೂ ಹಾಕಲಿಲ್ಲ. ಬಾಗಿಲಾಚೆಯೇ ಕೂತು ಉಳಿದ ಕಾಲ ಕಳೆದೆ. ಹುಳು ಸತ್ತ ದಿನ ಬೆಳಿಗ್ಗೆ ಹಿತ್ತಲಲ್ಲಿ ಬೀಡಿ ಸೇದಿ, ಆ ಕೈ ಮೂಸೋಳೇನು ಕಿತ್ಕೊಂತಾಳೆ ಎಂದು ಕೈ ತೊಳೆಯದೆ ಸೊಪ್ಪು ಹರಡಿದವನು ನಾನು. ನೀನು ಕಣ್ಣು ಮುಚ್ಚುವವರೆಗೂ ಬಾಯಿ ಬಿಡಲಿಲ್ಲ. ಎರಡು ಅಂಕಕ್ಕೆ ಟೀಚರ ಮೇಲೆ ಕೂಗಾಡಿದೆನಲ್ಲ, ನನಗೆಷ್ಟು ಕೊಡಬೇಕು? ಅಷ್ಟು ಚುರುಕು ಮೂಗಿನ ನೀನಾದರೂ ಒಂದು ಸಲ ನನ್ನ ಕೈ ಹಿಡಿದು...

ತರಗತಿಯಲ್ಲಿ ಇದನ್ನೆಲ್ಲ ಹೇಳಿಬಿಟ್ಟೆ. ಕೆಂಪು ಶಾಯಿಯ ಆ ಸಾಲನ್ನು ಟೀಚರೇ ಹೊಡೆದುಹಾಕಿದರು. ಭವ್ಯ ಈಗ ಕಥೆ ಮುಗಿಸುತ್ತಿದ್ದಾಳೆ. "ಮಾಮ, ನಿನ್ ಹೆಸ್ರೇ ಹಾಕ್ಲಾ?" ಎಂದು ಕೇಳಿದಳು. ಹಾಕು ಎಂದೆ. ಆದರೆ ಅವಳು ಬರೆಯುವುದು ಇಂಗ್ಲಿಷಿನಲ್ಲಿ. ಅದಕ್ಕೇ ನಿನಗೆ ನಾನೇ ಮೊದಲು ಹೇಳುತ್ತಿದ್ದೇನೆ: ಕೆಟ್ಟದ್ದು ನಿನ್ನ ಕೈಯಲ್ಲ ಅಮ್ಮ.

ಈ ಕಾಗದವನ್ನು ಕೈ ತೊಳೆದುಕೊಂಡೇ ಬರೆದಿದ್ದೇನೆ. ಬೇಕಾದರೆ ಮೂಸಿ ನೋಡು.

ನಿನ್ನ ಮಗ