ಸಂದೇಶಗಳ ನಡುವೆ ಒಂದು ಹಾಡು

ಮಂಗಳವಾರ, ಮಾರ್ಚ್ ೧೨. ಗಿಜೊ ದ್ವೀಪದ ರೇಡಿಯೊ ಕೇಂದ್ರ.

ಹೊಸ ಮ್ಯಾನೇಜರ್ ಸೆಲ್ವಿನ್ ಹೇಳಿದ ಮಾತು ಇನ್ನೂ ತಲೆ ಕೊರೆಯುತ್ತಿದೆ. "ಆಂಟಿ, ಈಗ ಎಲ್ಲರ ಕೈಲೂ ಫೋನಿದೆ. ಹಡಗು ಯಾವಾಗ ಬರತ್ತೆ, ಯಾರು ತೀರ್ಕೊಂಡ್ರು ಅಂತೆಲ್ಲ ರೇಡಿಯೊದಲ್ಲಿ ಓದೋದು ಸಾಕು. ಬರೀ ಹಾಡು ಹಾಕಿ."

ಬರೀ ಹಾಡಂತೆ! ನಾನು ಹಾಡು ಹಾಕುವ ಕೆಲಸ ಕೇಳಿಕೊಂಡು ಬಂದಾಗ ಹಾಡು ಯಾರಿಗೆ ಬೇಕಿತ್ತು? ಜನ ದೂರದ ದ್ವೀಪಗಳ ತಮ್ಮವರಿಗೆ ಕಳಿಸಿದ ಸಂದೇಶಗಳನ್ನು ಓದಿ ಮುಗಿಸಿದ ತಕ್ಷಣ ದ್ವೀಪದವರೆಲ್ಲ ಬ್ಯಾಟರಿ ಉಳಿಸಲು ರೇಡಿಯೊ ಆಫ್ ಮಾಡಿಬಿಡುತ್ತಿದ್ದರು. ಆಗಿನ ಮ್ಯಾನೇಜರ್ ಎಲಿಸನ್ ನಕ್ಕಿದ್ದ: "ನಿನ್ನ ಹಾಡನ್ನ ಮೀನುಗಳು ಕೇಳ್ತವೆ, ಹೋಗಮ್ಮ."

ನಾನು ಹೋಗಲಿಲ್ಲ. ಅರ್ಧ ಸಂದೇಶ ಓದಿ, ನಡುವೆ ಹಾಡು ಹಾಕಿ, ಹಡಗಿನ ಸುದ್ದಿಯನ್ನು ಕೊನೆಗಿಟ್ಟೆ. ಜನ ಬೈದುಕೊಂಡೇ ಹಾಡು ಕೇಳಿದರು. ವಾರ ಕಳೆಯುವಷ್ಟರಲ್ಲಿ ಸಂತೆಯಲ್ಲಿ ಗೆಣಸು ಮಾರುವವಳು ಅದನ್ನೇ ಗುನುಗುತ್ತಿದ್ದಳು.

ಸರಿ, ನಾಳೆ ಹಾಡಿನಿಂದಲೇ ಶುರು ಮಾಡುತ್ತೇನೆ. ಅರ್ಧಕ್ಕೆ ನಿಲ್ಲಿಸಿ ಸಂದೇಶ ಓದುತ್ತೇನೆ. ಉಳಿದರ್ಧ ಬೇಕಾದವರು ಕಾಯಲಿ. ಸೆಲ್ವಿನ್‌ನ ತಾಯಿ ಇರುವ ದ್ವೀಪದಲ್ಲಿ ಇವತ್ತಿಗೂ ಸಿಗ್ನಲ್ ಇಲ್ಲ. ಮೊದಲ ಸಂದೇಶ ಅವಳಿಗೇ: "ಅಮ್ಮಾ, ನಿಮ್ಮ ಮಗ ಚೆನ್ನಾಗಿದ್ದಾನೆ. ಫೋನ್ ಮಾಡಿದ್ನಂತೆ, ನೀವು ಸಿಗಲಿಲ್ವಂತೆ."