ಹೊಸ ಕಾರಿಗೆ ಇಟ್ಟ ದೃಷ್ಟಿಬೊಟ್ಟು ಮತ್ತು ನನ್ನ ಮಾವನ ಸೀಟು

ರೇಸ್ ಟ್ರ್ಯಾಕಿನ ಅತಿಥಿ ಅನುಭವ ವಿಭಾಗದ ಮಾನ್ಯ ನಿರ್ದೇಶಕರೇ,

ನಿಮ್ಮ ಅಭಿಮಾನಿಗಳ ದಿನದಂದು ಪ್ರದರ್ಶನಕ್ಕೆ ನಿಲ್ಲಿಸಿದ್ದ ಹೊಸ ರೇಸ್ ಕಾರಿನ ಹಿಂದಿನ ಬಂಪರಿಗೆ, ಯಾರ ಕಣ್ಣಿಗೂ ಬೀಳದ ಕೆಳಮೂಲೆಯಲ್ಲಿ, ಮೆಣಸಿನ ಕಾಳಿನಷ್ಟು ಕಾಡಿಗೆಯ ಬೊಟ್ಟು ಇಟ್ಟವಳು ನಾನು. ನೀವು ಹೊರಗೆ ಹಾಕಿದ್ದು ನನ್ನ ಮಾವನನ್ನು. ಇಪ್ಪತ್ತು ವರ್ಷಕ್ಕೂ ಮೀರಿ ಒಂದೇ ಸಾಲಿನಲ್ಲಿ, ಒಂದೇ ಸೀಟಿನಲ್ಲಿ ಕೂತು ನಿಮ್ಮ ರೇಸುಗಳನ್ನು ನೋಡಿದ ಮನುಷ್ಯನ ಸೀಟನ್ನು ನೀವು ಒಂದು ಪ್ಯಾರಾದ ಇಮೇಲಿನಲ್ಲಿ ಕಿತ್ತುಕೊಂಡಿರಿ. ಈ ಬೇಸಿಗೆಯ ರೇಸಿಗೆ ಅವರು ಗೇಟಿನ ಒಳಗೆ ಬರುವಂತಿಲ್ಲವಂತೆ. ಕಾರಣ, ‘ಸ್ಪರ್ಧಿಯ ಆಸ್ತಿಯನ್ನು ವಿರೂಪಗೊಳಿಸಿದ್ದು’. ಆಹಾ, ಎಂಥ ಗಂಭೀರವಾದ ಮಾತು! ಒದ್ದೆ ಬೆರಳಿನಿಂದ ಒರೆಸಿದರೆ ಹೋಗುವ ವಿರೂಪ ಅದು.

ನಿಮಗೆ ಇಂಗ್ಲಿಷಿನಲ್ಲಿ ಬರೆದಿಲ್ಲವೆಂದಲ್ಲ. ನಾನು ಓದಿದ್ದೇ ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ಸಿಟ್ಟು ಬಂದರೆ ಮೊದಲು ಬಾಯಿಗೆ ಬರುವುದೂ ಇಂಗ್ಲಿಷೇ. ಬರೆದ ಪ್ರತಿ ಸಲವೂ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಅದೇ ಉತ್ತರ ಬಂತು, ಬಹುಶಃ ಅದೇ ಯಂತ್ರದಿಂದ. ಹೇಗೂ ನೀವು ಓದುವುದಿಲ್ಲ ಎಂದ ಮೇಲೆ, ಓದುವವರ ಮುಂದೆ, ಮಾವನವರ ಭಾಷೆಯಲ್ಲೇ ಬರೆಯುತ್ತೇನೆ. ಅವರಿಗಾದರೂ ತಮ್ಮ ಪರವಾಗಿ ಒಬ್ಬಳು ಜಗಳಕ್ಕೆ ನಿಂತಿದ್ದಾಳೆ ಎಂದು ಗೊತ್ತಾಗಲಿ.

ನನಗೆ ಮದುವೆಯಾಗಿ ಇನ್ನೂ ಹೊಸತು. ಎಷ್ಟು ಹೊಸತೆಂದರೆ, ‘ನನ್ನ ಗಂಡ’ ಎಂದು ಟೈಪ್ ಮಾಡಿ ಈಗಷ್ಟೇ ಒಬ್ಬಳೇ ನಕ್ಕೆ. ನನ್ನ ಗಂಡ! ಹೆಸರು ಕಲ್ಲಿನಾಥ. ಗದಗಿನಲ್ಲಿ ಹುಟ್ಟಿ, ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಡೆಟ್ರಾಯ್ಟ್ ಪಕ್ಕದ ನೋವೈಗೆ ಬಂದು, ಅಲ್ಲೇ ಬೆಳೆದು, ಈಗ ಎಂಜಿನಿಯರಾಗಿರುವವನು. ನಕ್ಕರೆ ಒಂದು ಕೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ಇದು ದೂರಿಗೆ ಸಂಬಂಧಿಸಿದ ವಿಷಯವಲ್ಲ, ಆದರೂ ದಾಖಲೆಯಲ್ಲಿರಲಿ. ನಾನು ಮೈಸೂರಿನವಳು; ಮದುವೆಗೆ ಮುಂಚೆ ಶಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ನಲ್ಲಿದ್ದೆ. ಅಲ್ಲಿಂದ ನೋವೈಗೆ ಬರುವಾಗ ಎರಡು ಸೂಟ್‌ಕೇಸು, ಒಂದು ಇಡ್ಲಿ ಸ್ಟ್ಯಾಂಡು ಮತ್ತು ನನ್ನ ಮುದ್ದಿನ ಕಾರು ತಂದೆ. ತಪ್ಪಾಗಿದ್ದು ಆ ಕಾರಿನಿಂದ.

ನನ್ನ ಕಾರು ಹೊರದೇಶದ ಕಂಪನಿಯದು. ಹೆಸರು ಬರೆಯುವುದಿಲ್ಲ, ಬರೆದರೆ ಮಾವನವರು ಈ ಪತ್ರವನ್ನು ಅಲ್ಲಿಗೇ ಮಡಚಿಡುತ್ತಾರೆ. ನನ್ನ ಮಾವ ರೇವಣಪ್ಪನವರು ಡೆಟ್ರಾಯ್ಟಿನ ಕಾರು ಕಂಪನಿಯೊಂದರಲ್ಲಿ ಬ್ರೇಕುಗಳ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಅವರ ಗ್ಯಾರೇಜಿನೊಳಗೆ ಇದುವರೆಗೆ ಬೇರೆ ದೇಶದ ಕಾರಿನ ಚಕ್ರ ಉರುಳಿಲ್ಲ. ಮದುವೆಯಾದ ಮೇಲೆ ಮೊದಲ ಸಲ ನಾನೇ ಡ್ರೈವ್ ಮಾಡಿಕೊಂಡು ಆ ಮನೆಗೆ ಬಂದಾಗ, ಅತ್ತೆ ನೀಲಗಂಗಮ್ಮ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಾವ ಡ್ರೈವ್‌ವೇಗೆ ಅಡ್ಡ ನಿಂತಿದ್ದರು.

“ನೀ ಒಳಗ ಬಾರವಾ. ಗಾಡಿ ಹೊರಗಿರ್ಲಿ.”

“ಅಪ್ಪಾ, ಸೀರಿಯಸ್ಲಿ?” ಎಂದ ನನ್ನ ಗಂಡ.

“ಹೊಸಾ ಸೊಸಿ ಬಂದಾಳ, ನಗ್ತಾ ಬರ್ಲಿ. ಆ ಗಾಡೀನ ವಾಪಸ್ ಕಳಸ್ರಿ ಅನ್ಲಿಲ್ಲ ನಾ. ಹೊರಗ ನಿಲ್ಲಸ್ರಿ ಅಂದೆ, ಅಷ್ಟ.”

ಆ ದಿನದಿಂದ ನನ್ನ ಕಾರು ಮಳೆಗೂ ಹಿಮಕ್ಕೂ ರಸ್ತೆಯ ಅಂಚಿನಲ್ಲೇ ನಿಂತಿತು. ನಾನು ಬೇಜಾರು ಮಾಡಿಕೊಂಡೆನೇ? ಇಲ್ಲ, ಹೊಟ್ಟೆ ಹಿಡಿದು ನಕ್ಕೆ. ಒಂದು ಕಸುಬನ್ನು ಇಷ್ಟು ಹಟದಿಂದ ಪ್ರೀತಿಸುವ ಮನೆಗೆ ಸೇರಿದೆನಲ್ಲ ಎಂದು ಹೆಮ್ಮೆಯೂ ಆಯಿತು.

ಈ ರೇಸುಗಳ ಬಗ್ಗೆ ನನಗೆ ಕಲಿಸಿದವರೂ ಅವರೇ. ನೋಡಲು ಮನೆಮಂದಿಯ ಕಾರುಗಳಂತೆಯೇ ಇರುವ ಗಾಡಿಗಳು ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಗಂಟೆಗಟ್ಟಲೆ ಸುತ್ತುತ್ತವೆ. ಜನ ಡ್ರೈವರಿನ ಜೊತೆಗೆ ಕಂಪನಿಯ ಪಕ್ಷವನ್ನೂ ಕಟ್ಟುತ್ತಾರೆ. ಹಾಗಿರುವಾಗ ಹೊರದೇಶದ ಕಂಪನಿಯೊಂದು, ಅದೂ ನನ್ನ ಕಾರಿನ ಕಂಪನಿಯೇ, ಈ ರೇಸಿಗೆ ಇಳಿಯುತ್ತದೆ ಎಂಬ ಸುದ್ದಿ ಬಂದಾಗ ಏನಾಗಬೇಕೋ ಅದೇ ಆಯಿತು. ಅಭಿಮಾನಿಗಳು ಬೆಂಕಿಯಾದರು. ಒಬ್ಬ ತನ್ನ ಟೋಪಿಯನ್ನು ಸುಟ್ಟು ವಿಡಿಯೊ ಹಾಕಿದ. ಇನ್ನೊಬ್ಬ ಇನ್ನು ಮೇಲೆ ಕುದುರೆ ರೇಸು ನೋಡುತ್ತೇನೆ ಎಂದು ಪ್ರತಿಜ್ಞೆ ಮಾಡಿದ. ಸ್ಪರ್ಧೆ ಹೆಚ್ಚಾದರೆ ಒಳ್ಳೆಯದಲ್ಲವೇ ಎಂದ ಪಾಪದವನೊಬ್ಬನನ್ನು ಎಲ್ಲರೂ ಸೇರಿ ಅಟ್ಟಾಡಿಸಿದರು. ನಮ್ಮ ಬಾಲಾಜಿ ಗುಡಿಯ ಊಟದ ಸಾಲಿನಲ್ಲೂ ಅದೇ ಚರ್ಚೆ, ಪುಳಿಯೋಗರೆ ಕೈಯಲ್ಲಿ ಹಿಡಿದು ಮಾವ ಭಾಷಣ ಮಾಡುತ್ತಿದ್ದರು: “ಹೊರಗಿನವ್ರು ಯಾಕ ಬರಬೇಕ್ರೀ ಇಲ್ಲಿ?” ಸಾಲಿನಲ್ಲಿದ್ದವರೆಲ್ಲ, ಬಳ್ಳಾರಿಯವರು, ತುಮಕೂರಿನವರು, ತಿರುಪತಿಯವರು, ಹೌದು ಹೌದು ಎಂದು ತಲೆಯಾಡಿಸಿದರು.

ನನ್ನ ಗಂಡನೂ ಬಿಡಲಿಲ್ಲ. ಅವನು ಅಭಿಮಾನಿಗಳ ಪುಟದಲ್ಲಿ ‘ಮನೆಗೆ ಹೋಗಿ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆಯುವುದನ್ನು ಭುಜದ ಹಿಂದಿನಿಂದ ಓದಿದೆ.

“ಕಲ್ಲೀ, ಯಾರಿಗೋ ಇದು?”

“ಕಾರಿಗೆ. ಬೇಬಿ, ಇಟ್ಸ್ ಜಸ್ಟ್ ಟು ದ ಕಾರ್.”

“ಕಾರಿಗೆ ಬೂ ಅನ್ನು, ನಾನೂ ಅಂತೀನಿ. ಆದ್ರೆ ಮನೆಗೆ ಹೋಗಿ ಅನ್ನೋದನ್ನ ಕಾರು ಕೇಳಿಸ್ಕೊಳಲ್ಲ. ಅದರ ಪಕ್ಕ ನಿಂತಿರೋರು ಕೇಳಿಸ್ಕೋತಾರೆ.”

ಅವನು ಆ ಸಾಲನ್ನು ಇನ್ನೊಂದು ಸಲ ಓದಿಕೊಂಡ. ಆಮೇಲೆ ಅಳಿಸಿದ. ಗುಳಿ ಬೀಳಲಿಲ್ಲ, ಆದರೆ ಅಳಿಸಿದ. ಇಷ್ಟು ಸಣ್ಣ ವ್ಯತ್ಯಾಸ ನಮ್ಮ ಅಡುಗೆಮನೆಯಲ್ಲಿ ಒಂದು ನಿಮಿಷದಲ್ಲಿ ಬಗೆಹರಿಯಿತು. ನಿಮ್ಮಷ್ಟು ದೊಡ್ಡ ಕಚೇರಿಗೆ ಇದು ಯಾಕೆ ಅರ್ಥವಾಗುವುದಿಲ್ಲ, ಸ್ವಾಮಿ?

ಈಗ ಆ ದಿನದ ಮಾತಿಗೆ ಬರುತ್ತೇನೆ. ಅಭಿಮಾನಿಗಳ ದಿನಕ್ಕೆ ನಾವು ನಾಲ್ವರೂ ಬಂದೆವು. ಮಾವನ ಪಕ್ಕದ ಸೀಟಿನ ಹಳೆಯ ಗೆಳೆಯ ವೇಯ್ನ್ ಕೂಡ ಜೊತೆಯಾದ. ಪ್ರತಿ ರೇಸಿಗೂ ಮಾವ ಅವನಿಗೆ ಖಾರದ ಚುರುಮುರಿ ತರುತ್ತಾರೆ, ಅವನು ಮೂಗು ಒರೆಸಿಕೊಳ್ಳುತ್ತಾ ಡಬ್ಬಿ ಖಾಲಿ ಮಾಡುತ್ತಾನೆ. ಹೊಸ ಕಾರಿನ ಪರದೆ ಸರಿದದ್ದೇ ತಡ, ಜನ ‘ಬೂ’ ಎಂದು ಕೂಗಿದರು. ವೇಯ್ನ್ ಕೂಗಿದ, ನನ್ನ ಗಂಡ ಕೂಗಿದ, ಮಾವನಂತೂ ಎರಡೂ ಕೈ ಬಾಯಿಗೆ ಹಿಡಿದು ಹೊಲದಾಚೆಯವರನ್ನು ಕರೆಯುವ ದನಿಯಲ್ಲಿ ಕೂಗಿದರು. ನಾನೂ ಕೂಗಿದೆ; ಮನೆಯವರ ಪಕ್ಷವನ್ನು ಬಿಡಲಾಗುತ್ತದೆಯೇ? ನಿಮ್ಮ ಮೈಕಿನವರೂ ನಗುತ್ತಿದ್ದರು. ಅಲ್ಲಿಯವರೆಗೆ ಎಲ್ಲವೂ ಹಬ್ಬವೇ.

ಆಮೇಲೆ ಡ್ರೈವರು ಬಂದ. ಹುಡುಗ. ಪಕ್ಕದಲ್ಲಿ ಅವನ ತಾಯಿ, ಬಿಸಿಲಿಗೆ ಟೋಪಿ ಹಾಕಿಕೊಂಡು, ನಗಬೇಕೋ ಬೇಡವೋ ತಿಳಿಯದೆ ನಿಂತಿದ್ದರು. ನಮ್ಮ ಹಿಂದಿನಿಂದ ಒಬ್ಬ ಕೂಗಿದ: “ಮೊದಲ ಸುತ್ತಲ್ಲೇ ಗೋಡೆಗೆ ಹೊಡೀಲಿ ಇವನು!” ಇನ್ನೊಬ್ಬ ಎಸೆದ ಬಿಯರ್ ಕ್ಯಾನು ಕಾರಿನ ಮುಂದಿನ ಗಾಜಿಗೆ ಬಡಿದು ಉರುಳಿತು. ಆ ತಾಯಿಯ ಮುಖ ನೋಡಿದ ನನ್ನ ಅತ್ತೆ ಕೂಗುವುದನ್ನು ನಿಲ್ಲಿಸಿಬಿಟ್ಟರು.

“ತನ್ಮಯಿ, ಕಾಡಗಿ ಐತೇನವಾ ನಿನ್ನ ಹತ್ರ?”

“ಪೆನ್ಸಿಲ್ ಇದೆ ಅತ್ತೆ. ಯಾಕೆ?”

“ಎಷ್ಟ್ ಮಂದಿ ಕಣ್ಣ ಬಿದ್ದಾವ ನೋಡು. ಒಳಗ ಕುಂದ್ರಾಂವ ಒಬ್ಬಾಕಿ ಮಗ ಅಲ್ಲೇನ? ಒಂದ್ ಬೊಟ್ಟ ಹಚ್ಚಿ ಬಾ.”

ಮಾನ್ಯರೇ, ನಮ್ಮಲ್ಲಿ ಹೊಸ ಕೂಸಿಗೆ, ಹೊಸ ಮನೆಗೆ, ಹೊಸ ಗಾಡಿಗೆ ಕಪ್ಪು ಬೊಟ್ಟು ಇಡುತ್ತೇವೆ. ಕೆಟ್ಟ ಕಣ್ಣು ಅದಕ್ಕೆ ತಾಗಿ ಅಲ್ಲೇ ನಿಲ್ಲಲಿ ಎಂದು. ನನ್ನ ಮದುವೆಯ ದಿನ ಅತ್ತೆಯೇ ನನ್ನ ಕಿವಿಯ ಹಿಂದೆ ಇಟ್ಟಿದ್ದರು. ಆದರೂ ನನಗೆ ಅನುಮಾನ. ಮಾವನ ಮುಖ ನೋಡಿದೆ. ಇಷ್ಟು ಹೊತ್ತು ಗಂಟಲು ಹರಿಯುವಂತೆ ಕೂಗಿದವರು.

“ಬೈಯೂದು ಬ್ಯಾರೆ, ಕಣ್ಣ ಹಾಕೂದು ಬ್ಯಾರೆ,” ಎಂದರು ಅವರು. “ಆ ಗಾಡಿ ಸೋಲಬೇಕು, ಕಡೀಕ ಬರಬೇಕು. ಹುಡುಗ ಗ್ವಾಡಿಗೆ ಹೊಡೀಲಿ ಅಂತ ಯಾರರ ಬೇಡ್ಕೋತಾರೇನು? ಹೋಗು, ಹಚ್ಚು.”

ಕಾರಿನ ಸುತ್ತ ಹಗ್ಗ ಇರಲಿಲ್ಲ. ಮುಟ್ಟಿ ನೋಡಿ, ಫೋಟೊ ತೆಗೆಸಿಕೊಳ್ಳಿ ಎಂದು ನೀವೇ ಬೋರ್ಡು ಹಾಕಿದ್ದಿರಿ. ಸಾಲಿನಲ್ಲಿ ಹೋಗಿ, ಬಗ್ಗಿ, ಬೊಟ್ಟು ಇಟ್ಟೆ. ಆ ತಂಡದ ಮೆಕ್ಯಾನಿಕ್ ಒಬ್ಬ ನೋಡಿದ. ಏನಿದು ಎಂದು ಕೇಳಿದ. ನಾನು ಹೇಳುವಷ್ಟರಲ್ಲಿ ಅತ್ತೆ ಆ ಹುಡುಗನನ್ನು, ಅವನ ತಾಯಿಯನ್ನು, ಆಮೇಲೆ ಆಕಾಶವನ್ನು ತೋರಿಸಿ ಕೈಮುಗಿದರು. ಅವನು ಒರೆಸಲೆಂದು ಜೇಬಿನಿಂದ ಆಗಲೇ ತೆಗೆದಿದ್ದ ಬಟ್ಟೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಕಾರಿನ ಒಡೆಯರ ಕಡೆಯಿಂದ ಈ ಪ್ರಕರಣ ಅಲ್ಲಿಗೆ ಮುಗಿಯಿತು. ಹಾಗಾದರೆ ದೂರು ಕೊಟ್ಟವರು ಯಾರು? ನಿಮ್ಮ ಭದ್ರತೆಯವರೇ.

ಅವರು ಮೊದಲು ಬಂದದ್ದು ಬೊಟ್ಟಿಗಾಗಿಯೂ ಅಲ್ಲ. ಮಾವನ ಹತ್ತಿರ ಬಂದು, ಬಹಳ ವಿನಯದಿಂದ, “ಸರ್, ಹೊಸ ಕಂಪನಿಯ ಅತಿಥಿಗಳಿಗೆ ಟೆಂಟು ಆ ಕಡೆ ಇದೆ,” ಎಂದರು. ತಲೆಯ ಮೇಲೆ ಡೆಟ್ರಾಯ್ಟ್ ಕಂಪನಿಯ ಟೋಪಿ, ಮೈಮೇಲೆ ಅದೇ ಕಂಪನಿಯ ಮಾಸಿದ ಜಾಕೆಟ್ಟು, ಕೂಗಿ ಕೂಗಿ ಒಡೆದ ಗಂಟಲು. ಇಷ್ಟಿದ್ದರೂ ಅವರ ಮುಖ ಕಂಡೊಡನೆ ನಿಮ್ಮವರಿಗೆ ಹೊರಗಿನ ಕಂಪನಿ ನೆನಪಾಯಿತು! ವೇಯ್ನ್ ಮುಂದೆ ಬಂದು, “ಏಯ್, ಇವನು ನಮ್ಮ ಸಾಲಿನವನು. ನನಗಿಂತ ಜೋರಾಗಿ ಬೂ ಅನ್ನೋ ಒಬ್ಬನೇ ಮನುಷ್ಯ ಇವನು,” ಎಂದ. ಅವನಿಗೆ ಹಿಂದೆ ಸರಿಯಲು ಹೇಳಿದರು. ಅಷ್ಟರಲ್ಲಿ ಇನ್ನೊಬ್ಬ ಸಿಬ್ಬಂದಿ ಬಂದು, ಈ ಕುಟುಂಬದವರು ಕಾರಿಗೆ ಏನೋ ಬಳಿದಿದ್ದಾರೆ ಎಂದ. ಯಾರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾವ ನನ್ನ ಕೈಯಿಂದ ಕಾಡಿಗೆ ಪೆನ್ಸಿಲು ಕಿತ್ತುಕೊಂಡು ತಮ್ಮ ಜಾಕೆಟ್ಟಿನ ಜೇಬಿಗೆ ಸಿಕ್ಕಿಸಿಕೊಂಡರು.

“ನಾನು,” ಎಂದರು ಇಂಗ್ಲಿಷಿನಲ್ಲಿ. ಆಮೇಲೆ ನನಗೆ ಕನ್ನಡದಲ್ಲಿ, “ಸುಮ್ಕಿರವಾ. ನೀ ಇನ್ನಾ ಹೊಸಬಾಕಿ. ಮೊದಲ್ನೇ ಸಲ ಬಂದೀ, ಹೊರಗ ಹಾಕಿಸ್ಕೋಬ್ಯಾಡ.”

ಕಾಡಿಗೆ ಪೆನ್ಸಿಲು ಇಟ್ಟುಕೊಂಡು ಓಡಾಡುವ ಬಿಳಿ ಮೀಸೆಯ ನಿವೃತ್ತ ಎಂಜಿನಿಯರನ್ನು ನಿಮ್ಮವರು ನಂಬಿದರು. ನಾನು ಅಳುತ್ತಾ ಸತ್ಯ ಹೇಳಿದ್ದನ್ನು ನಂಬಲಿಲ್ಲ. ನಾಲ್ಕು ಜನ ಸುತ್ತುವರಿದು ಅವರನ್ನು ಗೇಟಿನ ತನಕ ನಡೆಸಿಕೊಂಡು ಹೋದರು. ದಾರಿಯಲ್ಲಿ ಯಾರೋ ಚಪ್ಪಾಳೆ ತಟ್ಟಿ, “ನಿಮ್ಮ ಕಾರನ್ನೂ ಜೊತೆಗೇ ಮನೆಗೆ ಕರ್ಕೊಂಡು ಹೋಗಿ!” ಎಂದ. ಮಾವ ತಿರುಗಿ ನೋಡಲಿಲ್ಲ. ನನ್ನ ಗಂಡ ನೋಡಿದ. ತಾನು ಬರೆದು ಅಳಿಸಿದ್ದ ಮಾತು ಅವನಿಗೆ ಆಗ ಕೇಳಿಸಿತು.

ಈಗ ಕೇಳುತ್ತೇನೆ. ಗಾಜಿಗೆ ಕ್ಯಾನು ಎಸೆದವನ ಸೀಟು ಎಲ್ಲಿದೆ? ಎಲ್ಲಿತ್ತೋ ಅಲ್ಲೇ ಇದೆ. ಒಬ್ಬ ಹುಡುಗ ಗೋಡೆಗೆ ಬಡಿಯಲಿ ಎಂದು ಅವನ ತಾಯಿಯ ಎದುರು ಹಾರೈಸಿದವನಿಗೆ ನೀವು ಯಾವ ಇಮೇಲು ಕಳಿಸಿದಿರಿ? ಬಹುಶಃ ಮುಂದಿನ ರೇಸಿನ ರಿಯಾಯಿತಿ ಟಿಕೆಟ್ಟಿನದು. ಅದೆಲ್ಲ ನಿಮ್ಮ ಭಾಷೆಯಲ್ಲಿ ‘ಅಭಿಮಾನಿಗಳ ಉತ್ಸಾಹ’. ಆ ಹುಡುಗ ಬದುಕಿ ಮನೆಗೆ ಹೋಗಲಿ ಎಂದು ಇಟ್ಟ ಬೊಟ್ಟು ಮಾತ್ರ ವಿರೂಪ! ಅಭಿಮಾನಿಗಳ ಸಿಟ್ಟಿನ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೂಗಲಿ, ಟೋಪಿ ಸುಡಲಿ, ಕುದುರೆ ನೋಡಲಿ. ಆದರೆ ಕಂಪನಿಯನ್ನು ಬೈಯುವವನನ್ನೂ ಮನುಷ್ಯನಿಗೆ ಕೇಡು ಬಯಸುವವನನ್ನೂ ಬೇರೆ ಮಾಡಿ ನೋಡುವುದು ನಿಮ್ಮ ಕೆಲಸವಾಗಿತ್ತು. ಅದು ಬಿಟ್ಟು ನೀವು ಮುಖಗಳನ್ನು ಬೇರೆ ಮಾಡಿದಿರಿ. ಇಷ್ಟಕ್ಕೂ ನಿಮ್ಮ ವಿಭಾಗದ ಹೆಸರೇನು? ಅತಿಥಿ ಅನುಭವ! ಇಪ್ಪತ್ತು ವರ್ಷ ನಿಮ್ಮ ಬಿಸಿಲಿನಲ್ಲಿ ಕೂತು ಕೆಂಪಾದ ಮನುಷ್ಯ ಇನ್ನೂ ಅತಿಥಿಯೇ? ಮನೆಯವನಾಗಲು ಇನ್ನೆಷ್ಟು ಸುತ್ತು ಹಾಕಬೇಕು?

ಮಾವನನ್ನು ಕೇಳಿದರೆ, “ಇರ್ಲಿ ಬಿಡವಾ, ಟಿವ್ಯಾಗ ನೋಡೂಣು,” ಎನ್ನುತ್ತಾರೆ. ವೇಯ್ನ್ ಫೋನು ಮಾಡಿ, ಪಕ್ಕದ ಸೀಟು ಖಾಲಿಯಿರುವಾಗ ತಾನೂ ಹೋಗುವುದಿಲ್ಲ ಎಂದಿದ್ದಾನೆ. ಆದರೆ ಹೋದ ವಾರ ಬೆಳಿಗ್ಗೆ ಎದ್ದು ನೋಡಿದರೆ ಅಂಚಿನಲ್ಲಿ ನನ್ನ ಕಾರು ಇರಲಿಲ್ಲ. ಚಪ್ಪಲಿಯನ್ನೂ ಹಾಕದೆ ಹೊರಗೆ ಓಡಿದೆ. ಗ್ಯಾರೇಜಿನ ಬಾಗಿಲು ತೆರೆದಿತ್ತು. ಮಾವನ ಟ್ರಕ್ಕು ಹೊರಗೆ ಮಳೆಯಲ್ಲಿ ನಿಂತಿತ್ತು, ನನ್ನ ಕಾರು ಒಳಗಿತ್ತು. ಮಾವ ಅದರ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಬ್ರೇಕು ನೋಡುತ್ತಿದ್ದರು.

“ಮಾವಾ, ಇದೇನು? ಒಳಗೆ ತಂದ್ರಾ?”

ಅವರು ತಲೆಯೆತ್ತಲಿಲ್ಲ. “ಹೊರಗ ನಿಂದ್ರಸಿದ್ರ ಹೆಂಗ ಅನಸ್ತೈತಿ ಅಂತ ಈಗ ಗೊತ್ತಾತು.”

ನಾನು ಅಲ್ಲೇ ಅತ್ತುಬಿಟ್ಟೆ. ಆ ಕಣ್ಣೀರಿನ ಉತ್ತರದಾಯಿತ್ವ ನಿಮ್ಮದು.

ನನ್ನ ಬೇಡಿಕೆ ಒಂದೇ. ಕ್ಷಮೆ ಬೇಡ, ನಿಮ್ಮ ಯಂತ್ರ ಬರೆಯುವ ಕ್ಷಮೆಯಂತೂ ಬೇಡವೇ ಬೇಡ. ಬೇಸಿಗೆಯ ರೇಸಿಗೆ ಮೊದಲು ನನ್ನ ಮಾವನ ಸೀಟು, ಅದೇ ಸಾಲಿನಲ್ಲಿ, ವೇಯ್ನ್ ಪಕ್ಕದಲ್ಲೇ, ಅವರಿಗೆ ವಾಪಸ್ ಬರಬೇಕು. ಶಿಕ್ಷೆ ಕೊಡಲೇಬೇಕೆಂದಿದ್ದರೆ ನನಗೆ ಕೊಡಿ; ನಾನು ಪಾರ್ಕಿಂಗ್ ಲಾಟಿನಲ್ಲಿ ನನ್ನ ಕಾರಿನೊಳಗೆ ಕೂತು ಕಾಯುತ್ತೇನೆ, ಗಂಡ ಜೊತೆಗಿದ್ದರೆ ಅದೂ ನನಗೆ ಹನಿಮೂನೇ. ಆದರೆ ಆ ಹೊರದೇಶದ ಕಾರು ಮೊದಲ ಸಲ ಅವರ ಮುಂದೆ ಹಾದುಹೋಗುವಾಗ, ಎರಡೂ ಕೈ ಬಾಯಿಗೆ ಹಿಡಿದು, ಹೊಟ್ಟೆಯಾಳದಿಂದ ‘ಬೂ’ ಎನ್ನಲು ಅವರು ಅಲ್ಲಿರಬೇಕು. ಅವರ ದನಿ ಗೇಟಿನಾಚೆಯ ನನಗೂ ಕೇಳಿಸಬೇಕು. ಅಷ್ಟೇ.

ಇಂತಿ,
ಹೊಸ ಕಾಡಿಗೆ ಪೆನ್ಸಿಲು ಕೊಂಡಿರುವ,
ನಿಮ್ಮ ದಾಖಲೆಗಳಲ್ಲಿ ಇನ್ನೂ ನಿರಪರಾಧಿಯಾಗಿಯೇ ಉಳಿದಿರುವ
ರೇವಣಪ್ಪನವರ ಸೊಸೆ ತನ್ಮಯಿ,
ನೋವೈ