ಹದಿನಾಲ್ಕನೆಯ ನಂಬರಿನೊಳಗೆ ಇನ್ನೂ ಹುಡುಗನಿದ್ದಾನೆ

ವಿಂಡ್ರೋ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರಾದ ಮಾನ್ಯರೇ,

ನನ್ನ ಅಣ್ಣನ ಮಗ ಆರ್ಲೊ ಹೌಗನ್ ಆಟ ಮುಗಿಸುವ ಮೊದಲೇ ನೀವು ಅವನ ಕೀರ್ತಿಯನ್ನು ಮುಗಿಸಿದ್ದೀರಿ. ನಿಮ್ಮ ಫುಟ್‌ಬಾಲ್ ತಂಡದಲ್ಲಿ ಅವನು ತೊಡುತ್ತಿದ್ದ ಹದಿನಾಲ್ಕನೆಯ ನಂಬರಿನ ಜೆರ್ಸಿಯನ್ನು ಕಳೆದ ತಿಂಗಳು ಸಕಲ ಗೌರವಗಳೊಂದಿಗೆ ನಿವೃತ್ತಿಗೊಳಿಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟಿರಿ. ಇನ್ನು ಮುಂದೆ ಆ ನಂಬರನ್ನು ಯಾರೂ ತೊಡುವಂತಿಲ್ಲ ಎಂದು ಮೈದಾನದ ನಡುವೆ ನಿಂತು ಘೋಷಿಸಿದಿರಿ. ನಾವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಆ ಆಜ್ಞೆ ಆರ್ಲೊನಿಗೂ ಅನ್ವಯಿಸುತ್ತದೆ ಎಂಬುದು ಮುಂದಿನ ಸೋಮವಾರ ಅವನು ಅಭ್ಯಾಸಕ್ಕೆ ಹೋಗಿ, ತೊಡಲು ಜೆರ್ಸಿಯಿಲ್ಲದೆ ಬನಿಯನ್ನಿನಲ್ಲಿ ನಿಂತಾಗಲೇ ಗೊತ್ತಾದದ್ದು. ಆಗ ಅವನ ಕಾಲೇಜು ಜೀವನದ ಮೂರು ಪಂದ್ಯಗಳು ಬಾಕಿ ಇದ್ದವು.

ಇಂಥದ್ದೊಂದು ಅವಸರ ಏಕೆ ಬೇಕಿತ್ತು ಎಂದು ಆ ದಿನವೇ ಕೇಳಬೇಕಿತ್ತು. ನದಿಯಾಚೆಯ ವಿಶ್ವವಿದ್ಯಾಲಯದ ಮೇಲೆ ನಾವು ಒಂಬತ್ತು ವರ್ಷಗಳ ನಂತರ ಗೆದ್ದಿದ್ದೆವು. ಊರಿಗೆ ಊರೇ ಮತ್ತೇರಿದಂತಿತ್ತು. ಕ್ಷೌರದಂಗಡಿಯಲ್ಲಿ, ಚರ್ಚಿನ ನೆಲಮಾಳಿಗೆಯ ಕಾಫಿ ಮೇಜಿನಲ್ಲಿ, ಸ್ಥಳೀಯ ರೇಡಿಯೋದಲ್ಲಿ ಒಂದೇ ಚರ್ಚೆ: ನಮ್ಮ ಚರಿತ್ರೆಯಲ್ಲಿ ಆರ್ಲೊನ ಸ್ಥಾನ ಯಾವುದು? ಮೊದಲನೆಯದೋ, ಮೂರನೆಯದೋ? ಅವನು ಆಗ ನನ್ನ ಅಡುಗೆಮನೆಯಲ್ಲಿ ಮೊಣಕಾಲಿಗೆ ಮಂಜುಗಡ್ಡೆ ಕಟ್ಟಿಕೊಂಡು ಅರ್ಥಶಾಸ್ತ್ರದ ಪರೀಕ್ಷೆಗೆ ಓದುತ್ತಿದ್ದ. ಚರಿತ್ರೆಗೆ ಅಷ್ಟು ಕಾಯುವ ತಾಳ್ಮೆ ಇರಲಿಲ್ಲ. ನೀವು ಕೀರ್ತಿ ನಿರ್ಣಯ ಸಮಿತಿಯೊಂದನ್ನು ರಚಿಸಿದಿರಿ. ಅದು ಒಂದೇ ಊಟದ ಅವಧಿಯಲ್ಲಿ ಅವನನ್ನು ಅಮರನೆಂದು ನಿರ್ಣಯಿಸಿತು. ಸಮಾರಂಭದಲ್ಲಿ ನೀವು ಆಡಿದ ಮಾತು ನನಗೆ ನೆನಪಿದೆ: "ಬೆಳೆ ಚೆನ್ನಾಗಿ ಬಂದಾಗಲೇ ಕೊಯ್ದುಬಿಡಬೇಕು. ಕಾದರೆ ಆಲಿಕಲ್ಲು ಬೀಳಬಹುದು." ನೀವು ಹೊರಗಿನಿಂದ ಬಂದವರು, ಆದ್ದರಿಂದ ಹೇಳುತ್ತಿದ್ದೇನೆ. ಹಸಿ ಮೆಕ್ಕೆಜೋಳವನ್ನು ಕೊಯ್ದು ಕಣಜಕ್ಕೆ ತುಂಬಿದರೆ ಒಳಗೇ ಬೂಷ್ಟು ಹಿಡಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಇದು ಗೊತ್ತಿಲ್ಲದ ವಯಸ್ಕರು ಬಹುಶಃ ನಿಮ್ಮ ಸಮಿತಿಯಲ್ಲಿ ಮಾತ್ರ ಇದ್ದಾರೆ.

ಜೆರ್ಸಿಯನ್ನು ವಾಪಸು ಕೇಳಲು ನಾನೇ ನಿಮ್ಮ ಕಚೇರಿಗೆ ಬಂದಿದ್ದೆ. ನೀವು ದಾನಿಗಳೊಂದಿಗೆ ಊಟಕ್ಕೆ ಹೋಗಿದ್ದಿರಿ. ನಿಮ್ಮ ಸಹಾಯಕಿ ಬಹಳ ಸಭ್ಯಳು, ನನಗೆ ಕೂರಲು ಕುರ್ಚಿ ಕೊಟ್ಟಳು.

"ಹದಿನಾಲ್ಕು ಕೊಡಕ್ಕಾಗಲ್ಲ ಮೇಡಂ. ಅದು ಆರ್ಲೊ ಹೌಗನ್ ಅವರ ಗೌರವಕ್ಕೆ ಅಂತ ತೆಗೆದಿಟ್ಟಿದ್ದು."

"ನಾನು ಕೇಳ್ತಿರೋದೂ ಆರ್ಲೊ ಹೌಗನ್‌ಗೇ."

"ಅರ್ಥ ಆಗುತ್ತೆ. ಆದ್ರೆ ಯಾರಾದ್ರೂ ಅದನ್ನ ತೊಟ್ರೆ ಅವರ ಗೌರವಕ್ಕೆ ಧಕ್ಕೆ ಬರುತ್ತಲ್ವಾ?"

"ಅವನೇ ತೊಟ್ರೆ?"

ಆಕೆ ಪ್ರಾಮಾಣಿಕವಾಗಿ ಯೋಚಿಸಿದಳು. "ಆಗ ಇನ್ನೂ ಜಾಸ್ತಿ ಮೇಡಂ. ಬೇರೆಯವ್ರು ತೊಟ್ಟು ಕೆಟ್ಟದಾಗಿ ಆಡಿದ್ರೆ, ಪಾಪ ಯಾರೋ ಅಂತ ಬಿಟ್ಬಿಡ್ಬಹುದು."

"ಅವನೇ ಬಂದು ಪರವಾಗಿಲ್ಲ, ಕೊಡಿ ಅಂದ್ರೆ?"

"ಅವ್ರು ಹೇಳಿದ್ರೆ ಆಗಲ್ಲ. ಕೀರ್ತಿ ಈಗ ವಿಶ್ವವಿದ್ಯಾಲಯದ್ದು."

ಇದರ ನಂತರ ನಿಮ್ಮ ಗೌರವ ಸೋಂಕಿನಂತೆ ಹಬ್ಬಿತು. ವಸತಿಗೃಹದ ಹದಿನಾಲ್ಕನೆಯ ಕೋಣೆಗೆ ಬೀಗ ಬಿತ್ತು. ಅಲ್ಲಿದ್ದ ವಿದ್ಯಾರ್ಥಿಯ ಒದ್ದೆ ಬಟ್ಟೆಗಳು ಇನ್ನೂ ಒಳಗೇ ಇವೆಯಂತೆ. ಆವರಣದೊಳಗೆ ಓಡುತ್ತಿದ್ದ ಹದಿನಾಲ್ಕನೆಯ ನಂಬರಿನ ಬಸ್ಸನ್ನೂ ಗೌರವಾರ್ಥ ನಿಲ್ಲಿಸಿದಿರಿ. ಅದರಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದ ದಾದಿಯರು ಈಗ ನವೆಂಬರಿನ ಗಾಳಿಯಲ್ಲಿ ಗೌರವಾರ್ಥ ನಡೆದುಕೊಂಡು ಹೋಗುತ್ತಿದ್ದಾರೆ.

ನಂಬರಿಲ್ಲದವನನ್ನು ಅಂಪೈರುಗಳು ಮೈದಾನಕ್ಕೆ ಬಿಡುವುದಿಲ್ಲವಾದ್ದರಿಂದ ಆರ್ಲೊನಿಗೆ ನಲವತ್ತೊಂದನ್ನು ಕೊಟ್ಟಿರಿ. ಖಾಲಿಯಿದ್ದುದು ಅದೊಂದೇ. ಜೊತೆಗೊಂದು ಪ್ರಕಟಣೆಯನ್ನೂ ಹೊರಡಿಸಿದಿರಿ: ನಲವತ್ತೊಂದು ಮಾಡುವುದು ಯಾವುದೂ ಹದಿನಾಲ್ಕರ ದಾಖಲೆಗೆ ಸೇರುವುದಿಲ್ಲ. ಅವನ ಕೀರ್ತಿಗೆ ರಕ್ಷಣೆ ಕೊಡುತ್ತಿದ್ದೀರಿ ಎಂದು ನೀವು ಭಾವಿಸಿರಬೇಕು. ನಾನೂ ಮೊದಲು ಹಾಗೇ ಭಾವಿಸಿದೆ. ಅಂಗಿ ಯಾವುದಾದರೇನು, ಒಳಗಿರುವವನು ಅವನೇ ಅಲ್ಲವೇ ಎಂದುಕೊಂಡೆ. ಆ ಶನಿವಾರ ನನ್ನ ಮಾಮೂಲಿ ಆಸನದಲ್ಲಿ ಕಂಬಳಿ ಹೊದ್ದು ಕುಳಿತಾಗ ಆ ಭ್ರಮೆ ಹರಿಯಿತು.

ಚೆಂಡನ್ನು ಕೈಯಿಂದ ಎಸೆದಾಡುವ ನಮ್ಮ ಈ ಫುಟ್‌ಬಾಲಿನಲ್ಲಿ ಆರ್ಲೊ ಕ್ವಾರ್ಟರ್‌ಬ್ಯಾಕ್. ಹಾಗೆಂದರೆ, ಪ್ರತಿ ಸಲವೂ ಚೆಂಡನ್ನು ಮೊದಲು ಕೈಗೆ ತೆಗೆದುಕೊಂಡು, ಆಮೇಲೆ ಅದಕ್ಕೆ ಏನೇ ಆದರೂ ಬೈಸಿಕೊಳ್ಳುವವನು. ಆರ್ಲೊ ಎಸೆದ ಮೊದಲ ಚೆಂಡು ಗಾಳಿಗೆ ಸಿಕ್ಕಿ ಯಾರ ಕೈಗೂ ಎಟುಕದೆ ಬಿತ್ತು. ನನ್ನ ಹಿಂದಿನ ಸಾಲಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಲೈಲ್ ಬ್ರೆಕ್ಕೆ ಮತ್ತು ಅವನ ಹೆಂಡತಿ ವರ್ನಾ ಕೂರುತ್ತಾರೆ. ಮೂವತ್ತು ವರ್ಷಗಳಿಂದ ನಮ್ಮ ಬೇಲಿಯಾಚೆ ಇರುವವರೂ ಅವರೇ.

"ಅಯ್ಯೋ! ಹದಿನಾಲ್ಕು ಇದ್ದಿದ್ರೆ ಕಣ್ಣು ಮುಚ್ಕೊಂಡು ಎಸೀತಿದ್ದ ಇದನ್ನ!" ಎಂದು ಲೈಲ್ ಕೂಗಿದ.

ನಾನು ತಿರುಗಿ, "ಲೈಲ್, ಇವನೇ ಅವನು" ಎಂದೆ.

"ಗೊತ್ತು ಕಣೇ ಮಾರ್ಗಿಟ್. ಆದ್ರೆ ಅವನ ಥರ ಇಲ್ಲ."

"ನಿನ್ನ ಮರದ ಸೇಬು ಕದ್ದು ಸಿಕ್ಕಿಬಿದ್ದಿದ್ದು ಇವನೇ ಕಣೋ. ನೀನೇ ಕಿವಿ ಹಿಡ್ಕೊಂಡು ಎಳ್ಕೊಂಡು ಬಂದಿದ್ದೆ."

"ಕದ್ದವನು ಹದಿನಾಲ್ಕು," ಎಂದ ಲೈಲ್, ಹೆಮ್ಮೆಯಿಂದ. "ಇವನ ಮುಖ ನೋಡು. ಸೇಬು ಕದಿಯೋ ಎದೆಗಾರಿಕೆ ಇದೆಯಾ ಇದರಲ್ಲಿ?"

"ಹೊಸಬ ಅಲ್ವೇನ್ರೀ, ಕಲೀತಾನೆ ಬಿಡಿ," ಎಂದು ವರ್ನಾ ಫ್ಲಾಸ್ಕಿನಿಂದ ನನಗೂ ಕಾಫಿ ಬಗ್ಗಿಸಿದಳು. "ದೊಡ್ಡವನ ಜಾಗಕ್ಕೆ ಬಂದವರ ಪಾಡು ಇಷ್ಟೇ. ಯಾರ ಮನೆ ಮಗುವೋ ಪಾಪ."

"ನಮ್ಮನೆದು," ಎಂದೆ ನಾನು.

"ಹೂಂ, ನಿಮ್ಮನೆಯವ್ನೇ ಅಂದ್ಮೇಲೆ ನಿಂಗೆ ಇನ್ನೂ ಕಷ್ಟ ಅಲ್ವಾ," ಎಂದಳು ವರ್ನಾ. ಅವಳ ಕಣ್ಣಲ್ಲಿ ನಿಜವಾದ ಕನಿಕರವಿತ್ತು.

ಮಾನ್ಯರೇ, ಇವರು ಹುಚ್ಚರಲ್ಲ. ಲೈಲ್ ತನ್ನ ಅಂಗಡಿಯ ಲೆಕ್ಕವನ್ನು ತಾನೇ ಬರೆಯುತ್ತಾನೆ, ವರ್ನಾ ಚರ್ಚಿನ ವಾದ್ಯ ನುಡಿಸುತ್ತಾಳೆ. ಮನುಷ್ಯನ ಬದುಕು ಮುಗಿದಿದೆ ಎಂದು ಅಧಿಕಾರಸ್ಥರು ಧ್ವನಿವರ್ಧಕದಲ್ಲಿ ಹೇಳಿದ ಮೇಲೆ, ಅವನು ಎದುರಿಗೆ ಬಂದು ನಿಂತರೆ ಸಭ್ಯರಾದವರು ಏನು ಮಾಡಬೇಕು? ಗುರುತು ಸಿಗದವರಂತೆ ಇರಬೇಕು. ಅವರು ಅದನ್ನೇ ಮಾಡಿದರು. ಆ ದಿನ ನಾವು ಮೂರು ಅಂಕಗಳಿಂದ ಗೆದ್ದೆವು. ರೇಡಿಯೋದವರು ಅದನ್ನು ನಲವತ್ತೊಂದರ ಅದೃಷ್ಟ ಎಂದರು. ಮುಂದಿನ ಶನಿವಾರ ಪರ ಊರಿನಲ್ಲಿ ಸೋತೆವು. ಅದು ಅವನ ಯೋಗ್ಯತೆ ಎಂದರು.

ಆ ಸೋಲಿನ ಮರುದಿನ ಆರ್ಲೊ ನನ್ನ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ನಿಂತಿದ್ದ. ಅವನ ತಂದೆ ತಾಯಿ ಮೀನು ಹಡಗಿನ ಕೆಲಸಕ್ಕೆ ಅಲಾಸ್ಕಾ ಸೇರಿದಾಗಿನಿಂದ ಅವನು ಬೆಳೆದದ್ದು ನನ್ನ ಬಳಿಯೇ. ಹೆಚ್ಚು ಮಾತನಾಡುವ ಹುಡುಗನಲ್ಲ; ನಮ್ಮ ಮನೆಯಲ್ಲಿ ಆ ಅಭ್ಯಾಸ ಯಾರಿಗೂ ಇಲ್ಲ.

"ಅತ್ತೆ, ನಾನೀಗ ಅವನಷ್ಟು ಚೆನ್ನಾಗಿ ಆಡಬೇಕಂತೆ," ಎಂದ.

"ಯಾರಷ್ಟು?"

"ಅವನೇ. ಹದಿನಾಲ್ಕು. ಕೋಚ್ ದಿನಾ ಅವನ ವಿಡಿಯೋ ಹಾಕಿ ತೋರಿಸ್ತಾರೆ. ಇವನ ಭುಜ ನೋಡು, ಕಾಲು ನೋಡು, ಇದನ್ನ ಕಲಿ ಅಂತಾರೆ."

"ನೀನೇನಂದೆ?"

"ನೋಡ್ತೀನಿ ಅಂದೆ. ನಿಜವಾಗ್ಲೂ ಚೆನ್ನಾಗಿ ಆಡ್ತಾನೆ ಅತ್ತೆ ಅವನು. ಆವಾಗ ನೋಡಕ್ಕೆ ಪುರುಸೊತ್ತೇ ಇರ್ಲಿಲ್ಲ ನಂಗೆ." ತಟ್ಟೆಯನ್ನು ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿದ. "ಅವನ ಥರ ಎಸಿಯೋಕೆ ಹೋದ್ರೆ ಕೈ ತಡವರಿಸುತ್ತೆ. ಮೊದ್ಲು ಹೀಗಾಗ್ತಿರ್ಲಿಲ್ಲ."

ಈ ಒಂದು ವಾಕ್ಯಕ್ಕಾಗಿಯೇ ನಾನು ಈ ಪತ್ರ ಬರೆಯಬಹುದಿತ್ತು. ಆದರೆ ಬರೆಯುವಂತೆ ಮಾಡಿದ್ದು ಮಂಗಳವಾರ ನಿಮ್ಮ ಕಚೇರಿಯಿಂದ ಬಂದ ಫೋನು. ಈ ಶನಿವಾರ ನಮ್ಮ ಮೈದಾನದಲ್ಲಿ ಈ ವರ್ಷದ ಕೊನೆಯ ಪಂದ್ಯ. ಅಂದು ಕೊನೆಯ ವರ್ಷದ ಆಟಗಾರರು ಒಬ್ಬೊಬ್ಬರಾಗಿ ಮನೆಯವರ ಕೈಹಿಡಿದು ಮೈದಾನದ ನಡುವಿನವರೆಗೆ ನಡೆದು ಬರುವುದು ನಮ್ಮಲ್ಲಿ ಅಜ್ಜಂದಿರ ಕಾಲದ ರೂಢಿ. ಹುಡುಗನ ಹೆಸರು ಕೂಗುತ್ತಾರೆ, ಅವನು ತಾಯಿಗೊಂದು ಸೇವಂತಿಗೆ ಕೊಡುತ್ತಾನೆ, ಅಳಬಾರದೆಂದುಕೊಂಡು ಬಂದವರೆಲ್ಲ ಅಳುತ್ತಾರೆ. ಆರ್ಲೊನೊಂದಿಗೆ ನಡೆಯಬೇಕಾದವಳು ನಾನು. ಅವನು ಈ ಊರಿನಲ್ಲಿ ಚೆಂಡು ಹಿಡಿದ ಮೊದಲ ದಿನದಿಂದ ಆ ನಡಿಗೆಯನ್ನು ನಾನು ಮನಸ್ಸಿನಲ್ಲೇ ನಡೆಯುತ್ತ ಬಂದಿದ್ದೇನೆ. ಇದನ್ನು ಇದುವರೆಗೆ ಅವನಿಗೂ ಹೇಳಿಲ್ಲ.

ನಿಮ್ಮ ಸಹಾಯಕಿ ನಿಯಮವನ್ನು ವಿವರಿಸಿದಳು. ನಲವತ್ತೊಂದು ತಂಡಕ್ಕೆ ಸೇರಿದ್ದು ಅಕ್ಟೋಬರಿನಲ್ಲಿ, ಆದ್ದರಿಂದ ಅವನು ಕೊನೆಯ ವರ್ಷದವನಲ್ಲ. ಕೊನೆಯ ವರ್ಷದವನು ಹದಿನಾಲ್ಕು.

"ಅದಕ್ಕೇ ಮೇಡಂ, ಗಾಜಿನ ಪೆಟ್ಟಿಗೆಗೆ ಚಕ್ರ ಹಾಕ್ಸಿದೀವಿ. ನೀವು ಪಕ್ಕದಲ್ಲಿ ನಡೆದು ಬಂದ್ರೆ ಸಾಕು, ತಳ್ಳಕ್ಕೆ ಜನ ಇರ್ತಾರೆ."

"ಆರ್ಲೊ ಎಲ್ಲಿರ್ತಾನೆ?"

"ಬೆಂಚಿನ ಮೇಲೆ. ಅಲ್ಲಿಂದ ಚೆನ್ನಾಗಿ ಕಾಣುತ್ತೆ ಅವರಿಗೆ."

"ಹೂವು ಯಾರು ಕೊಡ್ತಾರೆ ನಂಗೆ?"

"ಪೆಟ್ಟಿಗೆ ಮೇಲೆ ಇಟ್ಟಿರ್ತೀವಿ, ನೀವೇ ತಗೊಳ್ಳಿ. ಒಂದೇ ಒಂದು ವಿನಂತಿ, ಗಾಜು ಮುಟ್ಟಬೇಡಿ. ಬೆರಳಚ್ಚು ಬಿದ್ರೆ ಕ್ಯಾಮೆರಾದಲ್ಲಿ ಕಾಣುತ್ತೆ."

ಚಕ್ರದ ಪೆಟ್ಟಿಗೆಯ ಪಕ್ಕದಲ್ಲಿ ಮೆಲ್ಲಗೆ ನಡೆಯುವುದು, ಚರ್ಚಿನ ಅಂತ್ಯಕ್ರಿಯೆಗಳನ್ನು ಕಂಡ ನನ್ನ ವಯಸ್ಸಿನವರಿಗೆ ಹೊಸದೇನಲ್ಲ. ಆದರೆ ಇದುವರೆಗೆ ಒಳಗಿದ್ದವರು ಯಾರೂ ಹೊರಗೆ ಬೆಂಚಿನ ಮೇಲೆ ಕುಳಿತು ನನ್ನನ್ನು ನೋಡುತ್ತಿರಲಿಲ್ಲ.

ನಿಮ್ಮ ಸಮಿತಿಯ ಆತಂಕ ನನಗೆ ಅರ್ಥವಾಗುವುದಿಲ್ಲವೆಂದು ತಿಳಿಯಬೇಡಿ. ನಾನು ದೂರದ ಭಾಷೆಗಳಿಂದ ಅನುವಾದವಾಗಿ ಬಂದ ಕಾದಂಬರಿಗಳನ್ನು ಓದುವವಳು. ಅರ್ಧ ಪುಸ್ತಕದವರೆಗೆ ಮೆಚ್ಚಿಕೊಂಡ ಮನುಷ್ಯ ಕೊನೆಯ ಅಧ್ಯಾಯದಲ್ಲಿ ಹೇಡಿಯಾದಾಗ ನನಗೂ ಸಿಟ್ಟು ಬಂದಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು ಎನಿಸಿದೆ. ಆದರೂ ಆ ಅಧ್ಯಾಯವನ್ನು ಹರಿದು, ಉಳಿದದ್ದಕ್ಕೆ ರಟ್ಟು ಹಾಕಿಸಿ, ಇದೇ ಸಂಪೂರ್ಣ ಕೃತಿ ಎಂದು ಗ್ರಂಥಾಲಯಕ್ಕೆ ಕೊಟ್ಟಿಲ್ಲ. ಇನ್ನು ಆ ಪಾತ್ರವನ್ನೇ ಕರೆದು, ನೀನು ಮೊದಲರ್ಧದಲ್ಲಿದ್ದವನ ಹಾಗೆ ನಡೆದುಕೊಳ್ಳುವುದನ್ನು ಕಲಿ ಎಂದು ಹೇಳುವಷ್ಟು ಧೈರ್ಯ ನನಗೆ ಎಂದೂ ಬಂದಿಲ್ಲ.

ಶನಿವಾರ ಆರ್ಲೊ ಸೋಲಬಹುದು. ಬರುತ್ತಿರುವ ತಂಡ ಗಟ್ಟಿಯಾಗಿದೆ, ಅವನ ಮೊಣಕಾಲು ಇನ್ನೂ ಊದಿದೆ. ಚೆಂಡನ್ನು ಎದುರಾಳಿಗಳ ಕೈಗೇ ಎಸೆದಾನು, ಒಮ್ಮೆಯಲ್ಲ, ಮೂರು ಸಲ ಎಸೆದಾನು. ಆಗ ಏನಾಗುತ್ತದೆ? ಅಕ್ಟೋಬರಿನಲ್ಲಿ ಅದ್ಭುತವಾಗಿ ಆಡಿದವನೂ ನವೆಂಬರಿನಲ್ಲಿ ಎಡವಿದವನೂ ಒಬ್ಬನೇ ಎಂದಾಗುತ್ತದೆ. ನಾನು ಕಂಡ ಮನುಷ್ಯರೆಲ್ಲ ಹೆಚ್ಚುಕಡಿಮೆ ಹೀಗೇ ಇದ್ದಾರೆ. ಲೈಲ್ ಎದ್ದು ನಿಂತು ಬೈಯುತ್ತಾನೆ. ಬೈಯಲಿ. ಆ ಬೈಗುಳ ಹದಿನಾಲ್ಕನೆಯ ನಂಬರಿನ ಆರ್ಲೊ ಹೌಗನ್‌ಗೆ ಸಲ್ಲಬೇಕಾದದ್ದು, ಅವನು ದುಡಿದು ಸಂಪಾದಿಸಿದ್ದು. ಅದನ್ನು ಅಪರಿಚಿತನೊಬ್ಬನ ವಿಳಾಸಕ್ಕೆ ಕಳಿಸಲು ನಿಮಗೆ ಯಾರು ಅಧಿಕಾರ ಕೊಟ್ಟರು?

ಆದ್ದರಿಂದ ನನ್ನ ಬೇಡಿಕೆ ಇದು. ಶುಕ್ರವಾರ ಸಂಜೆಯೊಳಗೆ ಆ ಪೆಟ್ಟಿಗೆಯನ್ನು ತೆರೆಸಿ. ಅಕ್ಟೋಬರಿನ ಬೆವರನ್ನು ಹಾಗೇ ಕಾಪಾಡಿದ್ದೇವೆಂದು ನೀವು ಪತ್ರಿಕೆಗಳಿಗೆ ಹೆಮ್ಮೆಯಿಂದ ಹೇಳಿದ್ದೀರಿ. ದಯವಿಟ್ಟು ಜೆರ್ಸಿಯನ್ನು ಒಗೆಸಿ ಅವನಿಗೆ ಕೊಡಿ. ಶನಿವಾರ ಅವನು ಅದನ್ನು ತೊಟ್ಟು ನನ್ನ ಜೊತೆ ನಡೆಯಲಿ, ಆಮೇಲೆ ಆಡಲಿ, ಗೆಲ್ಲುವುದಾದರೆ ಗೆಲ್ಲಲಿ, ಎಲ್ಲವನ್ನೂ ಹಾಳು ಮಾಡುವುದಾದರೆ ಹಾಳು ಮಾಡಲಿ. ಹಿಮ ಬಿದ್ದು ಮೈದಾನ ಮುಚ್ಚಿದ ಮೇಲೆ ನಿಮ್ಮ ಸಮಿತಿ ಸಾವಕಾಶವಾಗಿ ಕೂತು ಊಟ ಮಾಡಲಿ. ಆಗ ಅವನು ಅಮರನಲ್ಲವೆಂದು ತೀರ್ಮಾನವಾದರೂ ನಾನು ಮೇಲ್ಮನವಿ ಸಲ್ಲಿಸುವುದಿಲ್ಲ.

ಇದು ಸಾಧ್ಯವಿಲ್ಲವೆಂದಾದರೆ, ಶನಿವಾರ ನಿಮ್ಮ ಘೋಷಕರು ನನ್ನ ಹೆಸರು ಕೂಗಿದಾಗ ನಾನು ಪೆಟ್ಟಿಗೆಯ ಪಕ್ಕದಲ್ಲಿ ಇರುವುದಿಲ್ಲ. ಮೈದಾನದಂಚಿನ ಬೆಂಚಿನಲ್ಲಿ, ನಲವತ್ತೊಂದನೆಯ ನಂಬರಿನವನ ಪಕ್ಕದಲ್ಲಿ, ಕೋಟು ಹಾಕಿಕೊಂಡು ಕುಳಿತಿರುತ್ತೇನೆ. ಎಬ್ಬಿಸಲು ಎಷ್ಟು ಜನರನ್ನಾದರೂ ಕಳಿಸಿ. ಪೆಟ್ಟಿಗೆ ಬೇಕಿದ್ದರೆ ತಾನೇ ನಡೆದುಕೊಂಡು ಬರಲಿ. ಅಷ್ಟು ದೊಡ್ಡ ದಂತಕಥೆಗೆ ಅದೇನು ಕಷ್ಟವೇ?

ಇಂತಿ,
ದಂತಕಥೆಯ ಕಾಲುಚೀಲಗಳನ್ನು ಈಗಲೂ ವಾರಕ್ಕೆರಡು ಸಲ ಒಗೆಯುತ್ತಿರುವ,
ಮಾರ್ಗಿಟ್ ಹೌಗನ್
ವಿಂಡ್ರೋ